ತೂಕದ ಮೇಜಿನ ಮೇಲೆ

ಸಿದ್ದಾಪುರದ ಸಂತೆ ಕರಗಿದ ಮೇಲೆ
ಕಾಫಿ ಕೊಳ್ಳುವ ಅಂಗಡಿಯ ಷಟರು ಅರ್ಧ ಎಳೆದು
ತೂಕದ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ
ಒಂದು ಮೈದಾನ ಗೀಚಿದೆ.
ಗೋಲಿಗೆ ಎರಡೆರಡು ಬೆಂಕಿಕಡ್ಡಿ,
ಆಟಗಾರರಿಗೆ ರೋಬಸ್ಟಾ ಬೀಜ,
ಬೇರೆ ಏನು ತಾನೇ ಇದೆ ಇಲ್ಲಿ.

ಖಜಾಂಚಿ ಮೊಯ್ದು ಎದುರು ಕುಳಿತು
ಮೊದಲು ದುಡ್ಡಿನ ಮಾತು ಅಂದ.
ಕ್ಲಬ್ಬಿನ ಪುಸ್ತಕದಲ್ಲಿ ಮೂರು ಸಾವಿರದ ನಾನ್ನೂರು,
ಹೋದ ವರ್ಷದ ಜರ್ಸಿಯ ಬಾಕಿ ನಾಲ್ಕು ಸಾವಿರ.
ಹಾಗಾದರೆ ಆಟದ ಮಾತೇ ಅಗ್ಗ, ಅಂದೆ,
ಬೀಜ ಇಡತೊಡಗಿದೆ.

ಗೋಲಿಗೆ ಉತ್ತಯ್ಯ. ಎರಡು ಮಾತಿಲ್ಲ.
ಒಂದು ಮಾತಿದೆ:
ಏಪ್ರಿಲ್‌ನಲ್ಲಿ ಅವನ ಒಕ್ಕ ಹಾಕಿ ಆಡುತ್ತದೆ,
ಒಕ್ಕ ಕರೆದರೆ ಅವನು ನಮ್ಮವನಲ್ಲ.
ಅವರು ಮೊದಲ ಸುತ್ತಿನಲ್ಲೇ ಸೋಲಲಿ ಎಂದು
ಹರಕೆ ಹೊರಬಹುದೇ? ಮೊಯ್ದು ನಕ್ಕ.
ನಾನು ನಗಲಿಲ್ಲ. ಆಗಲೇ ಹೊತ್ತಾಗಿತ್ತು.

ಹಿಂದೆ ನಾಲ್ವರು. ನಟ್ಟನಡುವೆ ಅಂತೋಣಿ,
ಲೈನ್‌ಮನೆಯವನು. ಚೆಂಡು ಬಂದರೆ ಚೆಂಡು,
ಆಳು ಬಂದರೆ ಆಳು, ಒಂದನ್ನೂ ದಾಟಗೊಡುವುದಿಲ್ಲ;
ಎರಡೂ ಒಟ್ಟಿಗೆ ಬಂದರೆ
ಆಳನ್ನೇ ಆರಿಸಿಕೊಳ್ಳುತ್ತಾನೆ.

ಬಲಗಡೆ ವಿಂಗಿಗೆ ಬೋಳ್ಕ,
ಆನೆ ಓಡಿಸುವ ತಂಡದವನು.
ರಾತ್ರಿಯಿಡೀ ಪಟಾಕಿ ಹಿಡಿದು ತೋಟದಿಂದ ತೋಟಕ್ಕೆ
ಆನೆಯ ಹಿಂದೆ ಓಡುತ್ತಾನೆ,
ಕೆಲವು ರಾತ್ರಿ ಮುಂದೆ.
ಅವನ ವೇಗ ಅಲ್ಲಿಂದ ಬಂದದ್ದು. ನಿದ್ದೆಗೇಡೂ ಅಲ್ಲಿಂದಲೇ.
ಹೋದ ಸಲ ಮಡಿಕೇರಿಯಲ್ಲಿ, ಎದುರು ತಂಡದ ಥ್ರೋ ಹೊತ್ತಿಗೆ,
ಗೆರೆಯ ಪಕ್ಕ ನಿಂತಲ್ಲೇ ನಿದ್ದೆ ಹೋಗಿದ್ದ.

ಎಡಕ್ಕೆ ಬಿಪುಲ್. ಅಸ್ಸಾಮಿನಿಂದ ಕಾಫಿ ಕುಯ್ಯಲು ಬಂದವನು.
ಎಡಗಾಲು ಅಂದರೆ ಅದಪ್ಪ ಎಡಗಾಲು!
ಆದರೆ ಕುಯ್ಲು ಮುಗಿದರೆ ಗುತ್ತಿಗೆದಾರನ ಜೀಪು
ಅವನನ್ನು ಎಲ್ಲಿಗೆ ಒಯ್ಯುತ್ತದೋ.
ಆಧಾರ್ ಇದೆಯಾ ಕೇಳಿದ್ದೀಯಾ, ಅಂದ ಮೊಯ್ದು.
ಪಾಸ್ ಕೊಡ್ತೀಯಾ ಅಂತ ಕೇಳಿದ್ದೇನೆ, ಅಂದೆ.
ಕೊಡ್ತಾನಂತೆ.

ಹೀಗೆ ಇಟ್ಟೆ, ಹಾಗೆ ಸರಿಸಿದೆ,
ನಾಲ್ಕು ನಾಲ್ಕು ಎರಡು, ನಾಲ್ಕು ಮೂರು ಮೂರು.
ಎಲ್ಲ ಬೀಜ ಅಲುಗಿತು,
ನಡುವಣದೊಂದು ಮಾತ್ರ ಅಲ್ಲೇ.
ಅದು ಯಾರು?
ಮೊಯ್ದುವಿಗೆ ಗೊತ್ತು. ಗೊತ್ತಿದ್ದೇ ಕೇಳಿದ.
ಹದಿನೆಂಟು ವರ್ಷ ಆ ಜಾಗದಲ್ಲಿ ನಿಂತಿದ್ದೇನೆ.
ಈಗ ಮೆಟ್ಟಿಲು ಇಳಿಯುವಾಗ ಮೊಣಕಾಲು
ಎಣ್ಣೆ ಕಾಣದ ರಾಟೆಯ ಹಾಗೆ ಕೂಗುತ್ತದೆ.

ಮೀನಂಗಡಿಯ ನೌಫಲ್ ಇದ್ದಾನಲ್ಲ, ಅಂದ ಮೊಯ್ದು,
ನನ್ನ ಮುಖ ನೋಡದೆ.
ಇದ್ದಾನೆ. ಹದಿನಾರು ವರ್ಷ, ಕಡ್ಡಿಯಂಥ ಕಾಲು.
ಚೆಂಡು ಬರುವ ಮೊದಲೇ ತಲೆ ಎತ್ತಿ
ಅದು ಮುಂದೆಲ್ಲಿಗೆ ಹೋಗಬೇಕೆಂದು ನೋಡಿಟ್ಟಿರುತ್ತಾನೆ.
ಅದನ್ನು ನಾನು ಕಲಿಯುವಷ್ಟರಲ್ಲಿ ಮೂವತ್ತಾಗಿತ್ತು.
ಯಾರು ಹೇಳಿಕೊಟ್ಟರು ಅವನಿಗೆ?
ನಾನಂತೂ ಅಲ್ಲ.

ನಡುವಿನ ಬೀಜ ಎತ್ತಿ ಬಾಯಿಗೆ ಹಾಕಿ ಕಡಿದೆ.
ಹುರಿಯದ ಬೀಜ. ಹಲ್ಲಿಗೆ ನೋವು, ನಾಲಗೆಗೆ ಹುಲ್ಲು.
ಚೀಲದಿಂದ ಬೇರೊಂದು ತೆಗೆದು, ಸಣ್ಣದು,
ಅಲ್ಲಿಟ್ಟೆ.

ಮೊಯ್ದು ಹನ್ನೊಂದನ್ನೂ ಅಂಗೈಗೆ ಬಳಿದು
ತಕ್ಕಡಿಗೆ ಸುರಿದ, ಸುಮ್ಮನೆ, ನೋಡೋಣ ಅಂತ.
ಸೊನ್ನೆ, ಅಂದಿತು ಕೆಂಪು ಅಂಕಿ.
ಐವತ್ತು ಗ್ರಾಮಿನ ಕೆಳಗೆ ಅದಕ್ಕೆ ಕಣ್ಣು ಕಾಣುವುದಿಲ್ಲ.

ಆಗ ಷಟರಿನಡಿ ಬಗ್ಗಿ ಬಂದ ಬೋಳ್ಕ, ಕೈಯಲ್ಲಿ ಟಾರ್ಚು.
ಇವತ್ತು ಆ ಕಡೆ ಹೋಗಬೇಡಿ, ಗ್ರೌಂಡಿಗೆ ಇಳಿದಿವೆ.
ಎಷ್ಟು?
ಐದು. ಒಂದು ಮರಿ.
ಎಲ್ಲಿ ನಿಂತಿವೆ?
ನಮ್ಮ ಗೋಲಿನ ಮುಂದೆ, ಸಾಲಾಗಿ. ಕದಲುತ್ತಿಲ್ಲ.

ಮೊಯ್ದು ಬೀಜಗಳನ್ನು ಮತ್ತೆ ಮೇಜಿಗೆ ಹರಡಿದ.
ಹಿಂದೆ ಐವರು, ಅಂದ ಗಡ್ಡ ಕೆರೆಯುತ್ತ,
ನಾವು ಅದನ್ನು ಯೋಚಿಸಲೇ ಇಲ್ಲವಲ್ಲ.